ಮಲೆನಾಡಿನ ಮಳೆಗೂ ಮಿತವಾದ ಹಣಕ್ಕೂ ಒಗ್ಗುವ ಪಿಕಪ್ ಯುಕುಲೇಲೆ: ಆಯ್ಕೆ ಮತ್ತು ಖರೀದಿಯ ಸಮಗ್ರ ಮಾರ್ಗದರ್ಶಿ

ಗಿಟಾರಿನಂತಹ ನಾಲ್ಕು ತಂತಿಯ ಪುಟ್ಟ ವಾದ್ಯವಾದ ಯುಕುಲೇಲೆಯನ್ನು ಮೊದಲ ಸಲ ಕೊಂಡು ಒಂದೆರಡು ವರ್ಷ ನುಡಿಸಿದವರಿಗೆ ಎರಡು ಕೊರತೆಗಳು ಒಟ್ಟಿಗೇ ಕಾಣತೊಡಗುತ್ತವೆ. ಕೈ ಪಳಗಿದಷ್ಟು ವಾದ್ಯದ ನಾದ ಬೆಳೆಯಲಿಲ್ಲ ಎನ್ನುವುದು ಒಂದು. ನಾಲ್ಕು ಜನರ ಮುಂದೆ ಕುಳಿತಾಗ ಅದರ ಸದ್ದು ಮೂರನೆಯ ಸಾಲಿಗೂ ತಲುಪುವುದಿಲ್ಲ ಎನ್ನುವುದು ಇನ್ನೊಂದು. ಚಿಕ್ಕಮಗಳೂರಿನಲ್ಲಿ ಭಾವಗೀತೆಯ ತಂಡವೊಂದರ ಜೊತೆ ನಾನು ಮೊದಲ ಸಲ ರಾಜ್ಯೋತ್ಸವದ ವೇದಿಕೆ ಹತ್ತಿದಾಗ ತಬಲಾ, ಹಾರ್ಮೋನಿಯಂಗಳ ನಡುವೆ ನನ್ನ ಯುಕುಲೇಲೆ ಕೇಳಿಸಲೇ ಇಲ್ಲ. ಮರುತಿಂಗಳು ಪಿಕಪ್, ಅಂದರೆ ವಾದ್ಯದ ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ಸ್ಪೀಕರಿನತ್ತ ಕಳುಹಿಸುವ ಸಾಧನ, ಇರುವ ವಾದ್ಯವೊಂದನ್ನು ಕೊಂಡೆ. ಅದರ ಪಕ್ಕದಲ್ಲಿದ್ದ ಹೊಳೆಯುವ ಗುಂಡಿಗಳನ್ನೂ ಬೆಳಗುವ ಟ್ಯೂನರನ್ನೂ ನೋಡಿ ಆರಿಸಿದ್ದೆ. ಸದ್ದು ಕೊನೆಯ ಸಾಲಿನವರೆಗೂ ಹೋಯಿತು, ಆದರೆ ತಗಡು ಬಡಿದಂತೆ ಹೋಯಿತು. ಕೇಬಲ್ ಹಾಕದೆ ಕೇಳಿದಾಗ ಇಂಪಾಗಿಲ್ಲದ ವಾದ್ಯವನ್ನು ಯಾವ ಪಿಕಪ್ಪೂ ಇಂಪಾಗಿಸಲಾರದು ಎಂಬುದನ್ನು ನಾನು ಕಲಿತದ್ದು ಆಗ. ಮುಂದಿನ ಹೆಜ್ಜೆಗಳೆಲ್ಲವೂ ಈ ತಿಳಿವಳಿಕೆಯ ಮೇಲೆಯೇ ನಿಂತಿವೆ. ಸುಮಾರು 10,000ದಿಂದ 20,000 ರೂಪಾಯಿಯೊಳಗಿನ ಖರೀದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಕೈಯಲ್ಲಿರುವ ವಾದ್ಯವನ್ನು ಮೊದಲು ಪರೀಕ್ಷಿಸಿ

ಹೊಸದನ್ನು ಹುಡುಕುವ ಮುನ್ನ ಹಳೆಯದಕ್ಕೆ ಒಳ್ಳೆಯ ತಂತಿಗಳನ್ನು ಹಾಕಿ ನೋಡಿ. ಅಗ್ಗದ ವಾದ್ಯಗಳ ಜೊತೆಗೆ ಬರುವ ಸಾಧಾರಣ ನೈಲಾನ್ ತಂತಿಗಳನ್ನು ತೆಗೆದು ಫ್ಲೋರೊಕಾರ್ಬನ್ ತಂತಿಗಳನ್ನೋ ಇಟಲಿಯ ಅಕ್ವಿಲಾ ಕಂಪನಿಯ ನೈಲ್‌ಗಟ್ ತಂತಿಗಳನ್ನೋ ಹಾಕಿದರೆ ವ್ಯತ್ಯಾಸ ತಕ್ಷಣವೇ ಕಿವಿಗೆ ಬೀಳುತ್ತದೆ. ಹೊಸ ತಂತಿಗಳು ಹಿಗ್ಗಿ ನಿಲ್ಲಲು ಕೆಲವು ದಿನಗಳು ಬೇಕಾಗುವುದರಿಂದ ವಾರದ ನಂತರ ತೀರ್ಮಾನಿಸಿ. ಆಮೇಲೂ ನಾದ ಮಂಕಾಗಿದ್ದರೆ, ಅಥವಾ 12ನೆಯ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್‌ಗಳು) ಒತ್ತಿದಾಗ ಸ್ವರ ಅಪಶ್ರುತಿಯಾಗುತ್ತಿದ್ದರೆ ಹೊಸ ವಾದ್ಯಕ್ಕೆ ಕಾರಣವಿದೆ. ನಾದ ನಿಮಗೆ ಒಪ್ಪಿಗೆಯಾಗಿ, ಸದ್ದು ಮಾತ್ರ ಸಾಲದಿದ್ದರೆ, ಇದ್ದ ವಾದ್ಯಕ್ಕೇ ಪಿಕಪ್ ಕೂಡಿಸುವುದು ಅತ್ಯಂತ ಅಗ್ಗದ ದಾರಿ.

ಪಿಕಪ್ ನಿಜವಾಗಿ ಬೇಕೇ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಕೇಳಿಕೊಳ್ಳಬೇಕು. ಶಾಲೆಯ ಸಭಾಂಗಣದಲ್ಲೋ ಭಜನಾಮಂದಿರದಲ್ಲೋ ಅಲುಗಾಡದೆ ಕುಳಿತು, ಒಬ್ಬ ಹಾಡುಗಾರರ ಜೊತೆ ನುಡಿಸುವವರಿಗೆ ವಾದ್ಯದಿಂದ ಒಂದು ಗೇಣು ದೂರದಲ್ಲಿಟ್ಟ ಮೈಕು ಸಾಕು. ಮರದ ನಾದವನ್ನು ಮೈಕು ಹಿಡಿಯುವಷ್ಟು ಸಹಜವಾಗಿ ಪಿಕಪ್ ಹಿಡಿಯುವುದಿಲ್ಲ. ನಿಂತು ನುಡಿಸುವವರಿಗೆ, ತಬಲಾ ಅಥವಾ ರಿದಂ ಪ್ಯಾಡಿನ ಪಕ್ಕದಲ್ಲಿ ಕೂರುವವರಿಗೆ, ಸ್ಪೀಕರಿನ ಹತ್ತಿರವೇ ಜಾಗ ಸಿಗುವ ಚಿಕ್ಕ ವೇದಿಕೆಗಳಲ್ಲಿ ನುಡಿಸುವವರಿಗೆ ಮಾತ್ರ ಮೈಕು ಕೂಗತೊಡಗುತ್ತದೆ. ಪಿಕಪ್ಪಿನ ಅಗತ್ಯ ಇರುವುದು ಅವರಿಗೆ.

ಹೆಜ್ಜೆ 2: ಗಾತ್ರ ಮತ್ತು ಶ್ರುತಿ

ತಂತಿಯ ನುಡಿಯುವ ಭಾಗದ ಉದ್ದ, ಅಂದರೆ ಕತ್ತಿನ ತುದಿಯ ನಟ್‌ನಿಂದ ಒಡಲಿನ ಮೇಲೆ ತಂತಿ ಕಟ್ಟುವ ಬ್ರಿಡ್ಜಿನಲ್ಲಿ ತಂತಿಗಳನ್ನು ಹೊರುವ ಸ್ಯಾಡಲ್ ಪಟ್ಟಿಯವರೆಗಿನ ಅಳತೆ, ಸೊಪ್ರಾನೊದಲ್ಲಿ ಸುಮಾರು 13 ಇಂಚು, ಕಾನ್ಸರ್ಟ್‌ನಲ್ಲಿ 15, ಟೆನರ್‌ನಲ್ಲಿ 17, ಬ್ಯಾರಿಟೋನ್‌ನಲ್ಲಿ 19ರಿಂದ 20 ಇಂಚು ಇರುತ್ತದೆ. ಮೊದಲ ಮೂರನ್ನು ಜಿ, ಸಿ, ಇ, ಎ ಎಂದು ಶ್ರುತಿ ಮಾಡಿದರೆ ಬ್ಯಾರಿಟೋನನ್ನು ಗಿಟಾರಿನ ಮೊದಲ ನಾಲ್ಕು ತಂತಿಗಳಂತೆ ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುತ್ತಾರೆ. ಕಲಿತ ಬೆರಳುಗಳನ್ನು ಬದಲಿಸಬೇಕಾಗಿರುವುದರಿಂದ, ಮತ್ತೊಂದು ವಾದ್ಯ ಕಲಿಯುವ ಮನಸ್ಸಿಲ್ಲದವರು ಬ್ಯಾರಿಟೋನನ್ನು ಬದಿಗಿಡುವುದು ಒಳಿತು. ಪಿಕಪ್‌ಸಹಿತ ವಾದ್ಯಗಳಲ್ಲಿ ಹೆಚ್ಚು ಆಯ್ಕೆಯಿರುವುದು ಕಾನ್ಸರ್ಟ್ ಮತ್ತು ಟೆನರ್‌ಗಳಲ್ಲಿ. ಚಿಕ್ಕ ಕೈಯವರಿಗೂ ಹಾಡಿನ ಜೊತೆಗೆ ಸ್ವರಮೇಳವನ್ನಷ್ಟೇ ನುಡಿಸುವವರಿಗೂ ಕಾನ್ಸರ್ಟ್, ರಾಗದ ಎಳೆಯನ್ನೇ ಮೀಟಿ ನುಡಿಸಬಯಸುವವರಿಗೆ ಟೆನರ್ ಎಂಬುದು ನನ್ನ ಅಭಿಪ್ರಾಯ.

ಟೆನರ್ ಕೊಳ್ಳುವವರು ಇನ್ನೊಂದು ಸಂಗತಿಯನ್ನು ಯೋಚಿಸಬೇಕು. ಯುಕುಲೇಲೆಯ ಸಿ ತಂತಿ ಹಾರ್ಮೋನಿಯಂನ ನಡುವಿನ ಸ್ಥಾಯಿಯ ‘ಬಿಳಿ ಒಂದು’. ಸಾಮಾನ್ಯ ಜೋಡಣೆಯಲ್ಲಿ ಜಿ ತಂತಿ ಅದಕ್ಕಿಂತ ಮೇಲಿನ ಸ್ವರದಲ್ಲಿರುವುದರಿಂದ ಸಿ ಸ್ವರದ ಕೆಳಗೆ ವಾದ್ಯದಲ್ಲಿ ಸ್ವರಗಳೇ ಇಲ್ಲ. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ಹಾಡುವವರು ಮಂದ್ರದ ನಿಷಾದವನ್ನು ಮುಟ್ಟಿ ಬರುವ ಒಂದು ಸಣ್ಣ ಎಳೆಯನ್ನೂ ನುಡಿಸಲಾಗುವುದಿಲ್ಲ. ಒಂದು ಸ್ಥಾಯಿ ಕೆಳಗಿನ ಜಿ ತಂತಿಯನ್ನು, ಅಂದರೆ ‘ಲೋ ಜಿ’ಯನ್ನು, ಹಾಕಿದರೆ ಮಂದ್ರದ ಪ, ದ, ನಿ ಮೂರೂ ದೊರೆಯುತ್ತವೆ. ಭಾವಗೀತೆ, ದೇವರನಾಮಗಳನ್ನು ನುಡಿಸಬಯಸುವ ನಮ್ಮವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಈ ತಂತಿ ದಪ್ಪವಾಗಿರುವುದರಿಂದ ನಟ್‌ನಲ್ಲಿರುವ ಕಚ್ಚನ್ನು ಅಗಲಿಸಬೇಕಾಗಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿ ಮಾಡಿಸಿಕೊಳ್ಳಿ.

ಹೆಜ್ಜೆ 3: ಮರವನ್ನು ಮಳೆಯ ಲೆಕ್ಕದಲ್ಲಿ ಆರಿಸಿ

1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳ ಕೆಲಸಕ್ಕೆಂದು ಹವಾಯಿಗೆ ಬಂದ ಹಡಗಿನಲ್ಲಿ ಮೂವರು ಮರಗೆಲಸದವರಿದ್ದರು. ಅವರು ತಮ್ಮೂರಿನ ಮಚೇಟೆ ಎಂಬ ಪುಟ್ಟ ತಂತಿವಾದ್ಯದ ಮಾದರಿಯಲ್ಲಿ, ಹವಾಯಿಯಲ್ಲಿ ಮಾತ್ರ ಬೆಳೆಯುವ ಕೋವಾ ಮರದಿಂದ ಮಾಡಿದ ವಾದ್ಯಗಳೇ ಯುಕುಲೇಲೆಯ ಮೂಲ. ಕೋವಾ ನಮ್ಮ ಗುಡ್ಡಗಳಲ್ಲಿ ನೆಟ್ಟಿರುವ ಅಕೇಶಿಯದ ಕುಲಕ್ಕೇ ಸೇರಿದ ಮರ. ಅಪ್ಪಟ ಕೋವಾ ವಾದ್ಯ ನಮ್ಮ ಬಜೆಟ್ಟಿನಲ್ಲಿ ಸಿಗುವುದಿಲ್ಲ. ಸಿಗುವವು ಮಹಾಗನಿ, ಸಪೇಲೆ, ಒಕೂಮೆ, ಅಕೇಶಿಯ, ಮಾವು ಮತ್ತು ಸ್ಪ್ರೂಸ್. ಸ್ಪ್ರೂಸ್ ಮುಖವಿರುವ ವಾದ್ಯದ ನಾದ ಚುರುಕು, ಸ್ಪಷ್ಟ. ಮಹಾಗನಿಯದು ಮೆತ್ತಗೆ, ಬೆಚ್ಚಗೆ.

ಮರದ ಹೆಸರಿಗಿಂತ ಮುಖ್ಯವಾದದ್ದು ಅದು ಒಂದೇ ಹಲಗೆಯೋ ಪದರಗಳನ್ನು ಅಂಟಿಸಿದ ಪ್ಲೈಯೋ ಎಂಬುದು. ತಂತಿಯ ಕಂಪನಕ್ಕೆ ಓಗೊಡುವುದು ಮುಖ್ಯವಾಗಿ ಮುಂಭಾಗದ ಹಲಗೆ. ಅದು ಒಂದೇ ಮರದ ತೆಳು ಸೀಳಾಗಿದ್ದರೆ ನಾದ ತುಂಬಿ ಬರುತ್ತದೆ, ವರ್ಷ ಕಳೆದಂತೆ ಇನ್ನಷ್ಟು ತೆರೆದುಕೊಳ್ಳುತ್ತದೆ ಎಂದು ನುಡಿಸುವವರು ಹೇಳುತ್ತಾರೆ. ವಿವರಣೆಯಲ್ಲಿ ‘ಸಾಲಿಡ್ ಟಾಪ್’ ಎಂದು ಸ್ಪಷ್ಟವಾಗಿ ಬರೆದಿರದೆ ಬರಿಯ ‘ಮಹಾಗನಿ ಟಾಪ್’ ಎಂದಿದ್ದರೆ ಅದನ್ನು ಪ್ಲೈ ಎಂದೇ ತಿಳಿಯಿರಿ. ಅಂಗಡಿಯಲ್ಲಿ ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ಹಲಗೆಯ ಎಳೆಗಳು ಮೇಲಿನಿಂದ ಕೆಳಗೆ ಅಖಂಡವಾಗಿ ಇಳಿದಿದ್ದರೆ ಒಂದೇ ಮರ. ಬಿಸ್ಕತ್ತಿನಂತೆ ಪದರಗಳು ಕಂಡರೆ ಪ್ಲೈ.

ಹಾಗೆಂದು ಪೂರ್ತಿ ಒಂದೇ ಮರದ ವಾದ್ಯವನ್ನು ಕೊಳ್ಳಲು ಮಲೆನಾಡಿನವರಿಗೆ ನಾನು ಹೇಳುವುದಿಲ್ಲ. ಆಷಾಢದಲ್ಲಿ ಹಳೆಯ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿದುಕೊಳ್ಳುವುದನ್ನು ನಾವೆಲ್ಲ ಕಂಡವರು. ಗಾಳಿಯ ತೇವಾಂಶ ಶೇಕಡ 50 ಇದ್ದಾಗ ಮರ ತನ್ನ ತೂಕದ ಸುಮಾರು ಶೇಕಡ 9ರಷ್ಟು ನೀರನ್ನು ಹಿಡಿದಿಟ್ಟುಕೊಂಡರೆ, ಗಾಳಿಯ ತೇವಾಂಶ ಶೇಕಡ 90ಕ್ಕೆ ಏರಿ ಅಲ್ಲಿಯೇ ನಿಂತಾಗ ಅದು ಸುಮಾರು ಶೇಕಡ 20ಕ್ಕೆ ಹೋಗುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಶೇಕಡ ಒಂದೆರಡರ ತೇವಕ್ಕೂ ಬೆಲೆ ತಿಳಿದಿರುವ ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಈ ಅಂತರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಹಲಗೆ ಉಬ್ಬಿ ಡೊಳ್ಳಾಗುತ್ತದೆ, ಬ್ರಿಡ್ಜ್ ಮೇಲೇಳುತ್ತದೆ, ತಂತಿಗಳು ಫ್ರೆಟ್‌ಗಳಿಂದ ದೂರ ಸರಿದು ಬೆರಳಿಗೆ ನೋವಾಗುತ್ತದೆ. ಹಾಸನದ ಬಯಲು ಸೀಮೆಯ ಕಡೆ ತೊಂದರೆ ತಿರುಗುಮುರುಗು: ಮಾರ್ಚ್, ಏಪ್ರಿಲ್ ತಿಂಗಳುಗಳ ಒಣಗಾಳಿಯಲ್ಲಿ ಕತ್ತಿನ ಮರ ಕುಗ್ಗಿ ಫ್ರೆಟ್‌ಗಳ ಲೋಹದ ತುದಿಗಳು ಹೊರಚಾಚಿ ಅಂಗೈಗೆ ತರಚುತ್ತವೆ.

ಆದ್ದರಿಂದ ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಹೊಂದುವ ಜೋಡಣೆ ಎಂದರೆ ಮುಂಭಾಗ ಒಂದೇ ಮರದ್ದು, ಬೆನ್ನು ಮತ್ತು ಪಕ್ಕಗಳು ಪ್ಲೈ. ನಾದದ ಲಾಭ ಬಹುಪಾಲು ಸಿಗುತ್ತದೆ, ಒಡಲು ಮಳೆಗೆ ಅಷ್ಟಾಗಿ ಅಲುಗುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಕೊಟ್ಟಿಗೆಹಾರದಂತಹ ಮಳೆಯೂರಿನಲ್ಲಿ, ಗೋಡೆಯೇ ಬೆವರುವ ಮನೆಯಲ್ಲಿ ವಾಸಿಸುವವರು ಪೂರ್ತಿ ಪ್ಲೈ ವಾದ್ಯವನ್ನೋ, ಎನ್ಯಾ ಕಂಪನಿಯ ನೋವಾ ಮಾದರಿಯಂತೆ ಪಾಲಿಕಾರ್ಬನೇಟ್‌ನಲ್ಲಿ ಅಚ್ಚು ಹೊಯ್ದ ವಾದ್ಯವನ್ನೋ ಸಂಕೋಚವಿಲ್ಲದೆ ಆರಿಸಬಹುದು. ವರ್ಷದಲ್ಲಿ ನಾಲ್ಕು ತಿಂಗಳು ನುಡಿಸಲಾಗದ ಒಳ್ಳೆಯ ಮರಕ್ಕಿಂತ ಹನ್ನೆರಡು ತಿಂಗಳೂ ಶ್ರುತಿಯಲ್ಲಿ ನಿಲ್ಲುವ ಪ್ಲೈ ಮೇಲು.

ಹೆಜ್ಜೆ 4: ಪಿಕಪ್ಪಿನ ಒಳಗುಟ್ಟು

ಎಲೆಕ್ಟ್ರಿಕ್ ಗಿಟಾರಿನ ಕಾಂತೀಯ ಪಿಕಪ್ ಉಕ್ಕಿನ ತಂತಿಯ ಅಲುಗಾಟವನ್ನು ಹಿಡಿಯುವಂಥದ್ದು. ಯುಕುಲೇಲೆಯ ನೈಲಾನ್ ಅಥವಾ ಫ್ಲೋರೊಕಾರ್ಬನ್ ತಂತಿಯನ್ನು ಅದು ಗುರುತಿಸುವುದೇ ಇಲ್ಲ. ಹಾಗಾಗಿ ಇಲ್ಲಿ ಬಳಸುವುದು ಪಿಯೆಜೊ ಪಿಕಪ್. ಒತ್ತಡ ಬಿದ್ದಾಗ ವಿದ್ಯುತ್ ಹೊಮ್ಮಿಸುವ ಈ ವಸ್ತುವಿನ ಪಟ್ಟಿಯನ್ನು ಸ್ಯಾಡಲಿನ ಕೆಳಗೆ ಇಡುವುದು ಒಂದು ಬಗೆ. ಬಿಲ್ಲೆಗಳಾಗಿ ಮುಂಭಾಗದ ಹಲಗೆಯ ಒಳಮೈಗೆ ಅಂಟಿಸುವುದು ಇನ್ನೊಂದು. ಸ್ಯಾಡಲಿನ ಕೆಳಗಿನದು ತಂತಿಯ ಸ್ವರವನ್ನು ಚೊಕ್ಕವಾಗಿ ಹಿಡಿದು, ದೊಡ್ಡ ಸದ್ದಿನ ವೇದಿಕೆಯಲ್ಲೂ ಕೂಗದೆ ನಿಲ್ಲುತ್ತದೆ, ಆದರೆ ಬಿರುಸಾಗಿ ಮೀಟಿದರೆ ಪ್ಲಾಸ್ಟಿಕ್ಕಿನಂತಹ ಕರಕರ ಸೇರುತ್ತದೆ. ಹಲಗೆಗೆ ಅಂಟಿಸಿದ್ದು ಮರದ ನಾದವನ್ನು ಹೆಚ್ಚು ಹಿಡಿಯುತ್ತದೆ. ಅಂಗೈ ಉಜ್ಜಿದ ಸದ್ದನ್ನೂ ಹಿಡಿಯುತ್ತದೆ, ಬೇಗ ಕೂಗುತ್ತದೆ.

ಮುಂದಿನದು ಪ್ರಿಆಂಪ್, ಅಂದರೆ ಪಿಕಪ್ಪಿನ ಸಂಕೇತಕ್ಕೆ ಬಲ ಕೊಡುವ ಸಾಧನ, ಬೇಕೇ ಬೇಡವೇ ಎಂಬ ಪ್ರಶ್ನೆ. ಪಿಯೆಜೊದಿಂದ ಬರುವ ಸಂಕೇತ ಬಲಹೀನವಾದದ್ದು. ಅದನ್ನು ಸುಮಾರು 10 ಲಕ್ಷ ಓಮ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿಬಾಧೆ (ಇಂಪಿಡೆನ್ಸ್) ಇರುವ ಕಡೆಗೆ ಕೊಟ್ಟರೆ ಮಾತ್ರ ಸ್ವರದ ಮೈ ಉಳಿಯುತ್ತದೆ. ಕಲ್ಯಾಣಮಂಟಪದ ಮಿಕ್ಸರಿನ ಸಾಮಾನ್ಯ ಲೈನ್ ಇನ್‌ಪುಟ್‌ಗೆ ನೇರವಾಗಿ ಚುಚ್ಚಿದರೆ ತಗ್ಗಿನ ಸ್ವರಗಳು ಸೊರಗಿ ಚುಚ್ಚುವ ಸದ್ದಷ್ಟೇ ಉಳಿಯುತ್ತದೆ. ಕೇಬಲ್ ಉದ್ದವಾದಷ್ಟೂ ಸದ್ದು ಕುಗ್ಗಿ ಗೊರಗೊರ ಹೆಚ್ಚುತ್ತದೆ. ನನ್ನ ಮೊದಲ ಪಿಕಪ್ ವಾದ್ಯದ ಹಲಗೆ ಕಳಪೆಯಾಗಿತ್ತು, ನಿಜ. ಜೊತೆಗೆ ಬ್ಯಾಟರಿ ಇಳಿದು ಅದರ ಪ್ರಿಆಂಪ್ ತೊದಲುತ್ತಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು. ವೇದಿಕೆಯಲ್ಲಿ ಯಾವ ಸೌಂಡ್ ಸಿಸ್ಟಂ ಸಿಗುತ್ತದೆಂದು ಮೊದಲೇ ತಿಳಿಯದ ನಮ್ಮಂಥವರಿಗೆ ವಾದ್ಯದೊಳಗೇ ಬ್ಯಾಟರಿಯ ಪ್ರಿಆಂಪ್ ಇರುವ ‘ಆಕ್ಟಿವ್’ ಬಗೆಯೇ ಸುರಕ್ಷಿತ. ‘ಪ್ಯಾಸಿವ್’ ಬಗೆಯನ್ನು ಕೊಂಡರೆ ಪಿಯೆಜೊಗೆ ಹೊಂದುವ ಒಂದು ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಒಗ್ಗಿಸುವ ಪೆಟ್ಟಿಗೆ) ಅಥವಾ ಪುಟ್ಟ ಪ್ರಿಆಂಪಿನ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.

ಪ್ರಿಆಂಪಿನಲ್ಲಿ ಬೇಕಾದದ್ದು ವಾಲ್ಯೂಮ್, ಬಾಸ್ ಮತ್ತು ಟ್ರೆಬಲ್. ಮಿಡ್ ಕೂಡ ಇದ್ದರೆ ಒಳ್ಳೆಯದು, ಏಕೆಂದರೆ ಪಿಯೆಜೊದ ಕರಕರವನ್ನು ಅಲ್ಲಿ ತಗ್ಗಿಸಬಹುದು. ಟ್ಯೂನರ್ ಅನುಕೂಲವಷ್ಟೆ, ವಾದ್ಯದ ತಲೆಗೆ ಸಿಕ್ಕಿಸುವ ಟ್ಯೂನರ್ ಪ್ರತ್ಯೇಕವಾಗಿ ಅಗ್ಗಕ್ಕೇ ಸಿಗುತ್ತದೆ. ವಾದ್ಯದೊಳಗೇ ಪ್ರತಿಧ್ವನಿ ಹುಟ್ಟಿಸುವ, ಬ್ಲೂಟೂತ್ ಜೋಡಿಸುವ ಸೌಕರ್ಯಗಳಿಗೆ ಹಣ ಕೊಡಬೇಡಿ. ಬ್ಯಾಟರಿ 9 ವೋಲ್ಟಿನದೋ ನಾಣ್ಯದಂತಹ ಸಿಆರ್ 2032 ಬಗೆಯದೋ ಎಂದು ನೋಡಿಕೊಳ್ಳಿ. ಕಾರ್ಯಕ್ರಮದ ಸಂಜೆ ನಿಮ್ಮ ಊರಿನ ಅಂಗಡಿಯಲ್ಲಿ ಸಿಗುವಂಥದ್ದಾಗಿದ್ದರೆ ಕ್ಷೇಮ.

ಹೆಜ್ಜೆ 5: ಹಣವನ್ನು ಹಂಚಿಕೊಳ್ಳಿ

15,000 ರೂಪಾಯಿ ಕೈಯಲ್ಲಿದ್ದರೆ ವಾದ್ಯಕ್ಕೆ 11,000ದಿಂದ 12,000ವನ್ನು ಮಾತ್ರ ಎತ್ತಿಡಿ. ಉಳಿದದ್ದು ದಪ್ಪ ಹತ್ತಿ ತುಂಬಿದ ಚೀಲ ಅಥವಾ ಗಟ್ಟಿ ಪೆಟ್ಟಿಗೆಗೆ, ಒಳ್ಳೆಯ ಕೇಬಲ್‌ಗೆ, ಒಂದು ಜೊತೆ ಹೆಚ್ಚುವರಿ ತಂತಿಗೆ, ತೇವಮಾಪಕಕ್ಕೆ, ಮತ್ತು ಅಗತ್ಯವಿದ್ದರೆ ಕುಶಲಕರ್ಮಿಯ ಬಳಿ ಮಾಡಿಸುವ ಸೆಟಪ್‌ಗೆ (ತಂತಿಯ ಎತ್ತರ, ನಟ್ ಮುಂತಾದವನ್ನು ಹದಗೊಳಿಸುವುದಕ್ಕೆ) ಬೇಕಾಗುತ್ತದೆ. ಆಂಪ್ಲಿಫೈಯರನ್ನು ಈಗಲೇ ಕೊಳ್ಳಬೇಡಿ. ಸಭಾಂಗಣಗಳಲ್ಲಿ ಅವರದೇ ಸೌಂಡ್ ಸಿಸ್ಟಂ ಇರುತ್ತದೆ, ಮನೆಯ ಅಭ್ಯಾಸಕ್ಕೆ ಅದರ ಅಗತ್ಯವಿಲ್ಲ. ಹೋಂಸ್ಟೇಗಳ ಅಂಗಳದಲ್ಲಿ ನುಡಿಸುವ ಅವಕಾಶ ಬರತೊಡಗಿದ ಮೇಲೆ ಬ್ಯಾಟರಿಯಿಂದ ನಡೆಯುವಂಥದ್ದನ್ನೇ ಕೊಳ್ಳಿ; ಗಾಳಿಮಳೆಗೆ ಕರೆಂಟು ಹೋಗುವುದು ನಮಗೆ ಹೊಸದಲ್ಲ.

ಹೆಜ್ಜೆ 6: ಅಂಗಡಿಯಲ್ಲಿ ಕೂತು ಪರೀಕ್ಷಿಸುವ ಕ್ರಮ

ಸಾಧ್ಯವಾದರೆ ಒಂದು ದಿನ ಬಿಡುವು ಮಾಡಿಕೊಂಡು ಬೆಂಗಳೂರಿಗೋ ಮೈಸೂರಿಗೋ ಹೋಗಿ ಬನ್ನಿ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್; ಬೆಳಗಿನ ರೈಲಿಗೋ ಬಸ್ಸಿಗೋ ಹೋದರೆ ರಾತ್ರಿಗೆ ಮರಳಬಹುದು. ಜನಸಂದಣಿಯಿಲ್ಲದ ವಾರದ ನಡುವಿನ ದಿನವನ್ನು ಆರಿಸಿ, ಮೊಬೈಲಿನಲ್ಲಿ ಟ್ಯೂನರ್ ಆಪ್ ಹಾಕಿಕೊಂಡು, ನಿಮ್ಮ ಹಳೆಯ ವಾದ್ಯವನ್ನು ಹೋಲಿಕೆಗೆಂದು ಜೊತೆಯಲ್ಲೇ ಒಯ್ಯಿರಿ.

ಮೊದಲ ಅರ್ಧ ಗಂಟೆ ಕೇಬಲ್ಲನ್ನು ಮುಟ್ಟಲೇಬೇಡಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ಮೀಟುತ್ತಾ ಹೋಗಿ. ಎಲ್ಲಾದರೂ ‘ಜರ್ರ್’ ಎಂದರೆ ಅಥವಾ ಸ್ವರ ತಟ್ಟನೆ ಸತ್ತರೆ ಆ ಫ್ರೆಟ್ಟನ್ನು ಗುರುತು ಹಾಕಿಕೊಳ್ಳಿ. ಬಳಿಕ 12ನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬೆರಳಿನಿಂದ ಸುಮ್ಮನೆ ತಾಗಿಸಿ ಮೀಟಿದಾಗ ಬರುವ ಸ್ವರವನ್ನೂ, ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಐದು ಸೆಂಟ್‌ಗಳೊಳಗಿನ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು) ವ್ಯತ್ಯಾಸ ಸಾಮಾನ್ಯವಾಗಿ ಕಿವಿಗೆ ತಿಳಿಯುವುದಿಲ್ಲ. ಹತ್ತನ್ನು ಮೀರಿದರೆ, ಹೊಸ ತಂತಿಯಿದ್ದೂ ಹಾಗಾದರೆ, ಆ ವಾದ್ಯವನ್ನು ಬಿಟ್ಟುಬಿಡಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂತಹ ಸಂಗೀತದ ಊರಿರುವ ಜಿಲ್ಲೆಯಲ್ಲಿ ಕೇಳುಗರ ಕಿವಿ ಶ್ರುತಿಯ ವಿಷಯದಲ್ಲಿ ಬಲು ಹರಿತ.

ತಂತಿಯ ಎತ್ತರವನ್ನು ಅಳೆಯಲು ನಾನು ಎಟಿಎಂ ಕಾರ್ಡುಗಳನ್ನು ಬಳಸುತ್ತೇನೆ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ಉಬ್ಬಿದ ಅಕ್ಷರಗಳಿಲ್ಲದ ಕಾರ್ಡುಗಳನ್ನು ಜೋಡಿಸಿ 12ನೆಯ ಫ್ರೆಟ್ಟಿನ ಮೇಲೆ ತಂತಿಯ ಕೆಳಗೆ ತೂರಿಸಿದರೆ ಮೂರು ಕಾರ್ಡು ಸಲೀಸಾಗಿ ಹೋಗಬೇಕು, ನಾಲ್ಕನೆಯದು ತಂತಿಯನ್ನು ಮುಟ್ಟಬೇಕು. ಐದು ಕಾರ್ಡು ನುಸುಳಿದರೆ ಸ್ಯಾಡಲನ್ನು ತಗ್ಗಿಸಬೇಕಾಗುತ್ತದೆ. ನಟ್‌ನ ಎತ್ತರಕ್ಕೆ ಬೇರೆ ಪರೀಕ್ಷೆಯಿದೆ: ಮೂರನೆಯ ಫ್ರೆಟ್ಟಿನ ಹಿಂದೆ ತಂತಿಯನ್ನು ಒತ್ತಿಹಿಡಿದಾಗ ಮೊದಲ ಫ್ರೆಟ್ಟಿನ ಮೇಲೆ ಕಾಗದದ ಹಾಳೆ ತೂರುವಷ್ಟು ಸಂದು ಮಾತ್ರ ಇರಬೇಕು. ಹೆಚ್ಚಿದ್ದರೆ ಮೊದಲ ಫ್ರೆಟ್ಟುಗಳ ಸ್ವರಮೇಳಗಳೆಲ್ಲ ಏರುಶ್ರುತಿಯಲ್ಲಿ ಕೇಳಿಸುತ್ತವೆ. ಇದು ಹೊಸ ವಾದ್ಯಗಳಲ್ಲಿ ಬಹಳ ಸಾಮಾನ್ಯವಾದ ದೋಷ, ಸರಿಪಡಿಸಬಹುದಾದದ್ದು. ಕೊಳ್ಳುವ ಮುನ್ನವೇ ಸರಿಪಡಿಸಿಕೊಡಲು ಕೇಳಿ.

ಈ ಪರೀಕ್ಷೆಗಳಲ್ಲಿ ಗೆದ್ದ ವಾದ್ಯಕ್ಕೆ ಮಾತ್ರ ಕೇಬಲ್ ಹಾಕಿ. ವಾದ್ಯದ ಹಾಗೂ ಆಂಪಿನ ಗುಂಡಿಗಳನ್ನೆಲ್ಲ ನಡುವಿಗೆ ತಂದು, ಪ್ರತಿಧ್ವನಿಯನ್ನು ಪೂರ್ತಿ ನಿಲ್ಲಿಸಿ, ನಾಲ್ಕು ತಂತಿಗಳನ್ನೂ ಒಂದೇ ಬಲದಲ್ಲಿ ಮೀಟಿ. ಒಂದು ತಂತಿ ಮಾತ್ರ ಮೆತ್ತಗಿದ್ದರೆ ಪಿಯೆಜೊ ಪಟ್ಟಿ ಸ್ಯಾಡಲಿನ ಕೆಳಗೆ ಸಮನಾಗಿ ಕುಳಿತಿಲ್ಲವೆಂದು ಅರ್ಥ; ಕಡಿಮೆ ಬೆಲೆಯ ವಾದ್ಯಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ. ಜ್ಯಾಕನ್ನು ಮೆಲ್ಲಗೆ ಅಲುಗಿಸಿ, ಗುಂಡಿಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಚಟಚಟ ಸದ್ದು ಬರಬಾರದು. ಕೊನೆಗೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಹಾಡನ್ನು ಎರಡು ವಾದ್ಯಗಳಲ್ಲಿ ನುಡಿಸಿ, ಬೆನ್ನು ತಿರುಗಿಸಿ ನಿಂತ ಗೆಳೆಯರಿಂದ ಯಾವುದು ಹಿತವಾಗಿತ್ತೆಂದು ಕೇಳಿ. ಬೆಲೆಯ ಚೀಟಿ ಕಾಣದ ಕಿವಿಯ ತೀರ್ಪನ್ನು ನಾನು ನಂಬುತ್ತೇನೆ.

ಹೆಜ್ಜೆ 7: ಆನ್‌ಲೈನ್ ಖರೀದಿ, ಹಳೆಯ ವಾದ್ಯದ ಖರೀದಿ

ಹೋಗಿ ಬರಲಾಗದವರು ವಾದ್ಯಗಳನ್ನೇ ಮಾರುವ, ಕಳುಹಿಸುವ ಮುನ್ನ ಸೆಟಪ್ ಮಾಡಿಕೊಡುವ ಅಂಗಡಿಯಿಂದ ತರಿಸುವುದು ಉತ್ತಮ. ಹಣ ಕಟ್ಟುವ ಮೊದಲೇ ವಾಪಸು ಮಾಡುವ ಅವಧಿ, ವಾಪಸಿನ ಸಾಗಣೆ ವೆಚ್ಚ ಯಾರದು, ಪಿಕಪ್ಪಿಗೂ ವಾರಂಟಿ ಇದೆಯೇ ಎಂಬ ಮೂರನ್ನು ಬರಹದಲ್ಲಿ ಕೇಳಿಕೊಳ್ಳಿ. ಮಾದರಿಯ ಹೆಸರಿನ ಕೊನೆಯ ಒಂದಕ್ಷರ ತಪ್ಪಿದರೆ ಪಿಕಪ್ ಇಲ್ಲದ ವಾದ್ಯ ಬರಬಹುದು: ಕೊರ್ಡೋಬಾ ಕಂಪನಿಯ 15ಸಿಎಂ ಬರಿಯ ವಾದ್ಯ, 15ಸಿಎಂ-ಇ ಎಂಬುದು ಪಿಕಪ್ ಇರುವಂಥದ್ದು. ಪೆಟ್ಟಿಗೆ ಬಂದ ದಿನ ಮಳೆಯಿದ್ದರೆ, ಬಿಚ್ಚುವ ಮುನ್ನ ಮನೆಯ ಗಾಳಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಟ್ಟು, ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ, ಅದೇ ದಿನ ಆರನೆಯ ಹೆಜ್ಜೆಯ ಪರೀಕ್ಷೆಗಳನ್ನು ಮುಗಿಸಿ.

ಹಳೆಯ ವಾದ್ಯದಲ್ಲಿ ನೋಡಬೇಕಾದ ಜಾಗಗಳು ಮೂರು. ಬ್ರಿಡ್ಜಿನ ಹಿಂದಿನ ಅಂಚಿನಲ್ಲಿ ಕಾಗದ ತೂರುವಂತಿದ್ದರೆ ಅಂಟು ಬಿಡುತ್ತಿದೆ. ಮುಂಭಾಗದ ಹಲಗೆ ಬ್ರಿಡ್ಜಿನ ಸುತ್ತ ಉಬ್ಬಿ ಮುಂದೆ ತಗ್ಗಿದ್ದರೆ ತೇವ ಹೊಕ್ಕಿದೆ. ಬ್ಯಾಟರಿಯ ಗೂಡಿನಲ್ಲಿ ಹಸಿರು ಅಥವಾ ಬಿಳಿ ಹುಡಿಯಿದ್ದರೆ ಬ್ಯಾಟರಿ ಸೋರಿ ಪ್ರಿಆಂಪ್ ಹಾಳಾಗಿರಬಹುದು. ಇವುಗಳಲ್ಲಿ ಒಂದು ಕಂಡರೂ ಬೆಲೆ ಎಷ್ಟೇ ಇಳಿದರೂ ಬೇಡ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಆಕ್ಟಿವ್ ವಾದ್ಯಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಚಾಲೂ ಆಗುವಂತೆ ಜೋಡಿಸಿರುತ್ತಾರೆ. ನುಡಿಸಿ ಮುಗಿದ ಮೇಲೆ ಕೇಬಲ್ ಅದರಲ್ಲೇ ಉಳಿದರೆ ರಾತ್ರಿಯಿಡೀ ಬ್ಯಾಟರಿ ಕರಗುತ್ತದೆ. ತಿಂಗಳುಗಟ್ಟಲೆ ಕಾರ್ಯಕ್ರಮವಿಲ್ಲದ ಮಳೆಗಾಲದಲ್ಲಿ ಬ್ಯಾಟರಿಯನ್ನು ತೆಗೆದೇ ಇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವಾದ್ಯವನ್ನು ಬಿಟ್ಟು ಹೋದರೆ ಬ್ರಿಡ್ಜಿನ ಅಂಟು ಮೆತ್ತಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾದ್ಯವನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯೊಳಗೆ ಮುಚ್ಚಿ, ಹೊರಗೋಡೆಗೆ ತಾಗದ ಎತ್ತರದ ಜಾಗದಲ್ಲಿಡಿ. ಜೊತೆಗೆ ತೇವಮಾಪಕವನ್ನೂ ಬಟ್ಟೆಯ ಚೀಲದಲ್ಲಿ ಕಟ್ಟಿದ ಸಿಲಿಕಾ ಜೆಲ್ ಹರಳುಗಳನ್ನೂ ಇಟ್ಟು, ಒಳಗಿನ ತೇವಾಂಶ ಶೇಕಡ 45ರಿಂದ 60ರೊಳಗೆ ನಿಲ್ಲುವಂತೆ ನೋಡಿಕೊಳ್ಳಿ. ಒಣಗಿದ್ದಾಗ ನೀಲಿಯಾಗಿರುವ ಹರಳುಗಳು ನೀರು ಹೀರಿದ ಮೇಲೆ ಗುಲಾಬಿಗೆ ತಿರುಗುತ್ತವೆ. ಅವನ್ನು ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆದರೆ ಆ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ವಿಷಕಾರಿಯಾದದ್ದರಿಂದ ಅಡುಗೆಗೆ ಎಂದೂ ಬಳಸದ ಪ್ರತ್ಯೇಕ ಪಾತ್ರೆಯಲ್ಲಿ, ಕಿಟಕಿ ತೆರೆದಿಟ್ಟುಕೊಂಡು, ಮಕ್ಕಳನ್ನು ದೂರವಿರಿಸಿ ಬಿಸಿಮಾಡಬೇಕು. ಫೆಬ್ರವರಿ ಬಂದೊಡನೆ ಹರಳುಗಳನ್ನು ಪೆಟ್ಟಿಗೆಯಿಂದ ಹೊರತೆಗೆಯಿರಿ; ಬೇಸಗೆಯ ಒಣಗಾಳಿಯಲ್ಲಿ ಅವು ಅಲ್ಲಿಯೇ ಉಳಿದರೆ ಮಳೆಯಿಂದ ಕಾಪಾಡಿದ ಅದೇ ಹಲಗೆ ಬಿರುಕು ಬಿಡುತ್ತದೆ.